ಗ್ಲಾಸ್ಗೋಗೆ ಬಂದ ವಿದ್ಯುತ್ ಪೆಟ್ಟಿಗೆ

1881ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಿಂದ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಒಂದು ಪೆಟ್ಟಿಗೆ ಬಂತು. ಅಳತೆ ಸುಮಾರು ಒಂದು ಘನ ಅಡಿ, ತೂಕ 34 ಕಿಲೋ. ಒಳಗಿದ್ದದ್ದು ಕಮೀಯ್ ಫೋರ್ ರೂಪಿಸಿದ ನಾಲ್ಕು ಸೀಸದ ಬ್ಯಾಟರಿಗಳು. ಪ್ಯಾರಿಸ್ಸಿನಲ್ಲೇ ಚಾರ್ಜ್ ಮಾಡಿ ಕಳಿಸಿದ್ದರು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ ತಮ್ಮ ಪ್ರಯೋಗಾಲಯದಲ್ಲಿ ಅದನ್ನು ವಾರಗಟ್ಟಲೆ ಪರೀಕ್ಷಿಸಿದರು. ಅದರಲ್ಲಿದ್ದ ಶಕ್ತಿ ಸುಮಾರು ಹತ್ತು ಲಕ್ಷ ಫುಟ್-ಪೌಂಡ್. ಈಗಿನ ಲೆಕ್ಕದಲ್ಲಿ 375 ವ್ಯಾಟ್-ಅವರ್, ಅಂದರೆ ಇಂದಿನ ಒಂದು ಸಣ್ಣ ಪೋರ್ಟಬಲ್ ಪವರ್ ಸ್ಟೇಷನ್ನಿನಷ್ಟು.

ಥಾಮ್ಸನ್ನರ ಸಹೋದ್ಯೋಗಿ, ಶಸ್ತ್ರವೈದ್ಯ ಜಾರ್ಜ್ ಬುಕ್ಯಾನನ್ ಆ ನಾಲ್ಕರಲ್ಲಿ ಒಂದನ್ನು ಗಾಡಿಯಲ್ಲಿಟ್ಟುಕೊಂಡು ಹೊರಟರು. ತೂಕ ಎಂಟು ಕಿಲೋ. ಅದರ ವಿದ್ಯುತ್ತಿನಿಂದ ದಪ್ಪ ಪ್ಲಾಟಿನಂ ತಂತಿಯನ್ನು ಕೆಂಡದಂತೆ ಕಾಯಿಸಿ, ಹುಡುಗನೊಬ್ಬನ ನಾಲಗೆಯ ಮೇಲಿದ್ದ ಗಡ್ಡೆಯನ್ನು ರಕ್ತ ಸುರಿಯದಂತೆ ತೆಗೆದರು. ಕೆಲಸ ಒಂದು ನಿಮಿಷದಲ್ಲಿ ಮುಗಿಯಿತು.

ಎಲ್ಲರೂ ಬೆರಗಾಗಲಿಲ್ಲ. ಒಂದೂವರೆ ಔನ್ಸ್ ಕಲ್ಲಿದ್ದಲಿನಲ್ಲಿ ಅಷ್ಟೇ ಶಕ್ತಿ ಇದೆಯಲ್ಲ ಎಂದು ಎಂಜಿನಿಯರಿಂಗ್ ಪ್ರಾಧ್ಯಾಪಕ ಆಸ್ಬೋರ್ನ್ ರೆನಾಲ್ಡ್ಸ್ ತೋರಿಸಿಕೊಟ್ಟರು. ಹೊತ್ತ ಭಾರಕ್ಕೆ ದಕ್ಕುವುದೆಷ್ಟು ಎಂಬ ಪ್ರಶ್ನೆ ಆಗಲೇ ಹುಟ್ಟಿತ್ತು.

ಅದರ ಜೊತೆಗೇ ಬಾಳಿಕೆಯ ಪ್ರಶ್ನೆಯೂ ಇತ್ತು. ಗಾಸ್ತೋಂ ಪ್ಲಾಂತೆ 1859ರಲ್ಲಿ ಮಾಡಿದ ಮೊದಲ ಸೀಸ-ಆಮ್ಲದ ಬ್ಯಾಟರಿಯಲ್ಲಿ ಬರಿಯ ಸೀಸದ ತಗಡುಗಳಿದ್ದವು. ತಿಂಗಳುಗಟ್ಟಲೆ ಚಾರ್ಜ್ ಮಾಡುತ್ತ, ಖಾಲಿ ಮಾಡುತ್ತ ಅವನ್ನು ಪಳಗಿಸಬೇಕಿತ್ತು. ತೂಕ ಹೆಚ್ಚು, ಬಾಳಿಕೆಯೂ ಹೆಚ್ಚು. ಫೋರ್ ತಗಡಿಗೆ ಕೆಂಪು ಸೀಸದ ಲೇಪ ಮೆತ್ತಿ ಉಣ್ಣೆಬಟ್ಟೆ ಸುತ್ತಿದರು. ಅದು ಬೇಗ ಸಿದ್ಧವಾಗುತ್ತಿತ್ತು, ಅಷ್ಟೇ ತೂಕದಲ್ಲಿ ಹೆಚ್ಚು ವಿದ್ಯುತ್ ಹಿಡಿಯುತ್ತಿತ್ತು. ಆದರೆ ಲೇಪ ಸಡಿಲಗೊಂಡು ಉದುರುತ್ತಿತ್ತು. ಲೇಪವನ್ನು ಹಿಡಿದಿಡಲು ಜಾಲರಿಯ ತಗಡು ಬಂತು, ಆಮೇಲೆ ಅದನ್ನು ಕೊಳವೆಯೊಳಗೆ ತುಂಬುವ ಉಪಾಯ ಬಂತು. ನಮ್ಮ ಮನೆಗಳ ಯುಪಿಎಸ್ ಪಕ್ಕದಲ್ಲಿ ಡಿಸ್ಟಿಲ್ಡ್ ವಾಟರ್ ಕುಡಿಯುತ್ತ ಕೂತಿರುವ ಟ್ಯೂಬುಲರ್ ಬ್ಯಾಟರಿ ಆ ವಂಶದ್ದೇ.

1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದ ಮೇಲೆ ತೂಕ ಇಳಿಯುತ್ತ ಹೋಯಿತು. ಥಾಮ್ಸನ್ನರ ಪೆಟ್ಟಿಗೆಯಷ್ಟು ಶಕ್ತಿಗೆ ಈಗ ನಾಲ್ಕೈದು ಕಿಲೋ ಸಾಕು. ಆಯ್ಕೆ ಮಾತ್ರ ಇನ್ನೂ ಎರಡು ಕವಲಾಗಿಯೇ ಉಳಿದಿದೆ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬೆರೆತ ಬ್ಯಾಟರಿ ಹಗುರ. ಸಾಮಾನ್ಯವಾಗಿ ಕೆಲವು ನೂರು ಸಲ ಚಾರ್ಜ್ ಆಗುವಷ್ಟರಲ್ಲಿ ಸೊರಗತೊಡಗುತ್ತದೆ. 1997ರಲ್ಲಿ ಅಕ್ಷಯ ಪಾಢಿ, ಜಾನ್ ಗುಡ್‌ಎನಫ್ ಮತ್ತು ಸಂಗಡಿಗರು ಪ್ರಕಟಿಸಿದ ಲಿಥಿಯಂ ಐರನ್ ಫಾಸ್ಫೇಟ್ ತುಸು ಭಾರ. ಸಾವಿರಾರು ಸಲ ಚಾರ್ಜ್ ತಡೆಯುತ್ತದೆ, ಬೆಂಕಿಯ ಭಯವೂ ಕಡಿಮೆ.

ವರ್ಷಕ್ಕೆರಡು ಸಲ ಬೆಟ್ಟ ಹತ್ತುವವರಿಗೆ ಒಂದು ಕಿಲೋ ಕಡಿಮೆಯಾದರೂ ಲಾಭವೇ. ದಿನಾ ಸಂಜೆ ತಳ್ಳುಗಾಡಿಗೆ ದೀಪ ಹಚ್ಚುವವರು ಮಾತ್ರ ಆ ಒಂದು ಕಿಲೋ ಹೆಚ್ಚು ಹೊರುವುದೇ ಸರಿ. ಅವರ ಪೆಟ್ಟಿಗೆ ಒಂದೇ ವರ್ಷದಲ್ಲಿ 300 ಸಲ ಖಾಲಿಯಾಗುತ್ತದೆ.