ವಯಸ್ಸಾಗದ ವೀರರು, ಬೆಳೆದುಬಿಡುವ ಮಕ್ಕಳು

ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದ ಕನ್ನಡಿಗರಿಗೆ ಫ್ಯಾಂಟಮ್‌ನ ಗುಟ್ಟು ಗೊತ್ತು. ಕಾಡಿನ ಜನರ ಪಾಲಿಗೆ ಅವನು ಸಾವಿಲ್ಲದವನು, ನಡೆದಾಡುವ ಭೂತ. ನಿಜಸಂಗತಿ ಬೇರೆ. 1536ರಿಂದೀಚೆಗೆ ಅಪ್ಪ ಕಣ್ಣುಮುಚ್ಚಿದೊಡನೆ ಮಗ ಅದೇ ಮುಖವಾಡ, ಅದೇ ಉಂಗುರ ತೊಟ್ಟು ತಲೆಬುರುಡೆಯ ಗವಿಯಲ್ಲಿ ಅಪ್ಪನ ಜಾಗಕ್ಕೆ ಬರುತ್ತಿದ್ದಾನೆ. ನಾವು ಓದಿದ್ದು 21ನೆಯವನ ಕಥೆ. 1936ರಲ್ಲಿ ಲೀ ಫಾಕ್ ಕಂಡುಕೊಂಡ ಈ ಉಪಾಯ ಬಹಳ ಸೊಗಸಾದದ್ದು. ಇಲ್ಲಿ ವೀರನಿಗೂ ಮುಪ್ಪಿದೆ, ಸಾವಿದೆ. ಉಳಿಯುವುದು ವೇಷ ಮಾತ್ರ. ಆದರೆ ಫಾಕ್ ಕೂಡ ತಮ್ಮ ನಿಯಮವನ್ನು 21ನೆಯವನಿಗೆ ಅನ್ವಯಿಸಲಿಲ್ಲ. ದಶಕಗಟ್ಟಲೆ ಕಾದ ಡಯಾನಾ ಪಾಮರ್ ಜೊತೆ ಅವನ ಮದುವೆಯಾದದ್ದು 1977ರಲ್ಲಿ, ಅವಳಿ ಮಕ್ಕಳು ಹುಟ್ಟಿದ್ದು 1979ರಲ್ಲಿ. ಆ ಮಕ್ಕಳು ನಮ್ಮ ಪಂಚಾಂಗದಂತೆ ಬೆಳೆದಿದ್ದರೆ 22ನೆಯ ಫ್ಯಾಂಟಮ್ ಈಗ ನಡುವಯಸ್ಸಿನವನಾಗಿರಬೇಕಿತ್ತು.

ಸೂಪರ್‌ಹೀರೋ ಕಾಮಿಕ್ಸ್‌ನ ಎಂಟು ದಶಕಗಳಿಗೂ ಮಿಕ್ಕಿದ ಇತಿಹಾಸವನ್ನು ಈ ಒಂದು ತೊಡಕಿನ ಇತಿಹಾಸವೆಂದೇ ಓದಬಹುದು. ವೀರನ ವಯಸ್ಸನ್ನು ತಡೆದು ನಿಲ್ಲಿಸುವುದು ಕಷ್ಟವಲ್ಲ. ಚಿತ್ರಕಾರ ಅವನ ತಲೆಗೂದಲನ್ನು ನರೆಸದಿದ್ದರೆ ಸಾಕು. ಅವನ ಸುತ್ತಲಿನ ಮಕ್ಕಳನ್ನು ನಿಲ್ಲಿಸುವುದು ಕಷ್ಟ. ಅವನು ಕಾದಾಡಿ ಬಂದ ನಿಜವಾದ ಯುದ್ಧಗಳ ತಾರೀಖನ್ನು ಬದಲಿಸುವುದು ಇನ್ನೂ ಕಷ್ಟ.

1938ರಲ್ಲಿ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ 'ಆ್ಯಕ್ಷನ್ ಕಾಮಿಕ್ಸ್'ನ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್‌ನನ್ನು ತಂದರು. ಮರುವರ್ಷ ಬಾಬ್ ಕೇನ್, ಬಿಲ್ ಫಿಂಗರ್ ಕೈಯಲ್ಲಿ ಬ್ಯಾಟ್‌ಮ್ಯಾನ್ ಹುಟ್ಟಿದ. ಓದುವ ಹುಡುಗ ನಾಲ್ಕೈದು ವರ್ಷ ಓದಿ ಬಿಟ್ಟುಬಿಡುತ್ತಾನೆ, ಅವನ ಜಾಗಕ್ಕೆ ಅವನ ತಮ್ಮ ಬರುತ್ತಾನೆ ಎಂಬುದು ಆ ಕಾಲದ ಪ್ರಕಾಶಕರ ಲೆಕ್ಕ. ಹೀಗಾಗಿ ಪ್ರತಿ ಕಥೆಯೂ ಶುರುವಾದಲ್ಲಿಗೇ ಬಂದು ಮುಗಿಯುತ್ತಿತ್ತು. ಚಿತ್ರಕಥೆಯಲ್ಲಿ ಕಾಲವನ್ನು ನಡೆಸುವುದು ಆಗ ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ದಿನಪತ್ರಿಕೆಗಳಲ್ಲಿ ಬರುತ್ತಿದ್ದ 'ಗ್ಯಾಸೊಲಿನ್ ಆ್ಯಲಿ'ಯಲ್ಲಿ ಫ್ರಾಂಕ್ ಕಿಂಗ್ 1921ರ ಫೆಬ್ರುವರಿ 14ರಂದು ಒಂದು ಹಸುಗೂಸನ್ನು ನಾಯಕನ ಮನೆಬಾಗಿಲಲ್ಲಿ ಇಟ್ಟಿದ್ದರು. ಸ್ಕೀಜಿಕ್ಸ್ ಎಂಬ ಆ ಕೂಸು ಓದುಗರ ಮನೆಯ ಮಕ್ಕಳ ಜೊತೆಗೇ ಬೆಳೆದು, ಎರಡನೇ ಮಹಾಯುದ್ಧಕ್ಕೆ ಸೈನಿಕನಾಗಿ ಹೋಯಿತು. ಸೂಪರ್‌ಹೀರೋ ಪುಸ್ತಕಗಳು ಈ ದಾರಿ ಹಿಡಿಯಲಿಲ್ಲ.

ಏಕೆ ಹಿಡಿಯಲಿಲ್ಲ ಎಂಬುದನ್ನು ಇಟಲಿಯ ಉಂಬರ್ಟೊ ಇಕೊ 1962ರಲ್ಲಿ ಸೂಪರ್‌ಮ್ಯಾನ್ ಕುರಿತು ಬರೆದ ಪ್ರಬಂಧದಲ್ಲಿ ಬಿಡಿಸಿ ಹೇಳಿದರು. ಪುರಾಣದ ವೀರನ ಕಥೆ ಮೊದಲೇ ಮುಗಿದುಹೋಗಿರುತ್ತದೆ. ನಾವು ಅದನ್ನು ಮತ್ತೆ ಕೇಳುತ್ತೇವೆ, ಅಷ್ಟೆ. ಕಾದಂಬರಿಯ ನಾಯಕ ಹಾಗಲ್ಲ. ಅವನು ಏನನ್ನೇ ಮಾಡಲಿ, ಒಂದಷ್ಟು ಬದಲಾಗುತ್ತಾನೆ, ಸಾವಿಗೆ ಒಂದು ಹೆಜ್ಜೆ ಹತ್ತಿರವಾಗುತ್ತಾನೆ. ಸೂಪರ್‌ಮ್ಯಾನ್ ಪುರಾಣಪುರುಷನಂತೆ ಬದಲಾಗದೆ ಇರಬೇಕು, ಜೊತೆಗೆ ತಿಂಗಳು ತಿಂಗಳೂ ಹೊಸ ಕಥೆಯನ್ನೂ ಕೊಡಬೇಕು. ಎರಡನ್ನೂ ಸಾಧಿಸಲು ಲೇಖಕರು ಯಾವುದು ಹಿಂದೆ, ಯಾವುದು ಮುಂದೆ ಎಂದು ತಿಳಿಯದ ಕನಸಿನಂಥ ವಾತಾವರಣದಲ್ಲಿ ಕಥೆ ಹೇಳುತ್ತಾರೆ ಎಂದು ಇಕೊ ತೋರಿಸಿದರು. ಈ ವಿಷಯದಲ್ಲಿ ಇದಕ್ಕಿಂತ ತೀಕ್ಷ್ಣವಾದ ಬರಹವನ್ನು ನಾನು ಓದಿಲ್ಲ. ಆದರೆ ಅವರು ಬರೆಯುತ್ತಿದ್ದ ಹೊತ್ತಿಗೇ ಅಮೆರಿಕದಲ್ಲಿ ಆ ಕನಸು ಎರಡು ಕಡೆ ಹರಿಯತೊಡಗಿತ್ತು.

ಮೊದಲನೆಯದು ಡಿಸಿ ಸಂಸ್ಥೆಯಲ್ಲಿ. 1940ರ ಫ್ಲ್ಯಾಶ್‌ನ ಬದಲು 1956ರಲ್ಲಿ ಬೇರೊಬ್ಬ ಫ್ಲ್ಯಾಶ್ ಬಂದಿದ್ದ. ಹಾಗಾದರೆ ಹಳಬ ಎಲ್ಲಿ ಹೋದ? 1961ರಲ್ಲಿ ಗಾರ್ಡ್‌ನರ್ ಫಾಕ್ಸ್ ಬರೆದು ಕಾರ್ಮೈನ್ ಇನ್‌ಫ್ಯಾಂಟಿನೊ ಚಿತ್ರಿಸಿದ ಕಥೆಯೊಂದು, ಅವನು ಇನ್ನೊಂದು ಭೂಮಿಯಲ್ಲಿ ಇದ್ದಾನೆ, ಅವನಿಗೆ ವಯಸ್ಸಾಗಿದೆ ಎಂದಿತು. ಈ ಎರಡನೇ ಭೂಮಿ ಬರೀ ಜಾಣತನದ ಪರಿಹಾರವಾಗಿ ಉಳಿಯಲಿಲ್ಲ. ಅಲ್ಲಿನ ಸೂಪರ್‌ಮ್ಯಾನ್‌ನ ಕೆನ್ನೆಗೂದಲು ಬೆಳ್ಳಗಾಯಿತು. ಅಲ್ಲಿನ ಬ್ಯಾಟ್‌ಮ್ಯಾನ್ ಕ್ಯಾಟ್‌ವುಮನ್‌ಳನ್ನು ಮದುವೆಯಾಗಿ, ಹೆಲೆನಾ ಎಂಬ ಮಗಳನ್ನು ಪಡೆದು, 1979ರ ಸಂಚಿಕೆಯೊಂದರಲ್ಲಿ ನಿಜವಾಗಿಯೂ ಸತ್ತ. ಒಂದನೇ ಭೂಮಿಯಲ್ಲಿ ಎಂದೂ ಆಗಗೊಡದ ಬಾಳು ಎರಡನೆಯದರಲ್ಲಿ ಪೂರ್ತಿಯಾಗಿ ನಡೆಯಿತು. ಆ ದಶಕದ ಡಿಸಿ ಕಥೆಗಳಲ್ಲಿ ನನಗೆ ಇಂದಿಗೂ ಆರ್ದ್ರವೆನಿಸುವುದು ಈ ಮುದಿವೀರರವೇ.

ಎರಡನೆಯದು ಮಾರ್ವೆಲ್‌ನಲ್ಲಿ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸೃಷ್ಟಿಸಿದ ಪೀಟರ್ ಪಾರ್ಕರ್, ಅಂದರೆ ಸ್ಪೈಡರ್‌ಮ್ಯಾನ್, ಆಗ 15 ವರ್ಷದ ಶಾಲಾ ಹುಡುಗ. 1965ರಲ್ಲಿ ಅವನು ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೊರಟ. ಅಂದರೆ ಮೂರು ವರ್ಷದಲ್ಲಿ ಮೂರು ವರ್ಷ, ಹೆಚ್ಚುಕಡಿಮೆ ನಮ್ಮದೇ ಕಾಲ. 'ಫೆಂಟಾಸ್ಟಿಕ್ ಫೋರ್'ನ ರೀಡ್ ರಿಚರ್ಡ್ಸ್ ಮತ್ತು ಸೂ ಮದುವೆಯಾದರು, 1968ರಲ್ಲಿ ಅವರಿಗೆ ಫ್ರಾಂಕ್ಲಿನ್ ಹುಟ್ಟಿದ. ಅಲ್ಲಿಂದಾಚೆಗೆ ಯಾರೋ ಬ್ರೇಕ್ ಒತ್ತಿದಂತೆ ಎಲ್ಲ ನಿಧಾನವಾಯಿತು. ಪೀಟರ್‌ಗೆ ಪದವಿ ಸಿಕ್ಕಿದ್ದು 1978ರಲ್ಲಿ, ಕಾಲೇಜು ಸೇರಿದ ಹದಿಮೂರು ವರ್ಷಕ್ಕೆ. ಫ್ರಾಂಕ್ಲಿನ್ ಹದಿಹರೆಯದವನಾಗಿ ನೆಲೆನಿಂತದ್ದು 2018ರಲ್ಲಿ; ಅಷ್ಟು ಬೆಳೆಯಲು ಅವನಿಗೆ ಐವತ್ತು ವರ್ಷ ಹಿಡಿಯಿತು. ಕಾರಣ ವ್ಯಾಪಾರ. ಟಿವಿ ಕಾರ್ಟೂನು, ಆಟಿಕೆ, ಅಂಗಿಯ ಮೇಲಿನ ಚಿತ್ರ ಎಲ್ಲದರಲ್ಲೂ ಒಂದೇ ಮುಖ ಕಾಣಬೇಕಿದ್ದಾಗ ಆ ಮುಖಕ್ಕೆ ಸುಕ್ಕು ಬರುವಂತಿಲ್ಲ. ಆದರೂ 1973ರಲ್ಲಿ ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸತ್ತಾಗ, ಈ ಜಗತ್ತಿನಲ್ಲಿ ಆದದ್ದು ಆಗಿಹೋಯಿತು, ಹಿಂದಕ್ಕೆ ಬರುವುದಿಲ್ಲ ಎಂಬ ಭಾವ ಓದುಗರಲ್ಲಿ ಬೇರೂರಿತು.

ಮಾರ್ವೆಲ್ ಕೊನೆಗೆ ನೆಚ್ಚಿದ್ದು ಜಾರುವ ಕಾಲಮಾನವನ್ನು. 'ಫೆಂಟಾಸ್ಟಿಕ್ ಫೋರ್' ಮೊದಲ ಸಂಚಿಕೆಯ ಘಟನೆಗಳು ಯಾವಾಗ ನಡೆದವು ಎಂದು ಕೇಳಿದರೆ, ಯಾವ ಕಾಲದಲ್ಲಿ ಕೇಳಿದರೂ, 'ಈಗ್ಗೆ ಹತ್ತು ಹದಿನೈದು ವರ್ಷದ ಹಿಂದೆ' ಎನ್ನುವುದು ಅದರ ತಿರುಳು. ವರ್ತಮಾನ ಮುಂದೆ ಸರಿದಷ್ಟೂ ಆರಂಭವೂ ಅದರ ಹಿಂದೆಯೇ ಸರಿಯುತ್ತದೆ. ಓದುವಾಗ ಇದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಕಥೆಯೊಳಗೆ ಇತಿಹಾಸ ಕಾಲಿಟ್ಟ ಕಡೆ ಮಾತ್ರ ಎಡವುತ್ತದೆ. ರೀಡ್ ಮತ್ತು ಅವನ ಗೆಳೆಯ ಬೆನ್ ಮೊದಲಿಗೆ ಎರಡನೇ ಮಹಾಯುದ್ಧದಲ್ಲಿ ಹೋರಾಡಿದವರು. ಆ ಮಾತನ್ನು ಮೆಲ್ಲಗೆ ಕೈಬಿಡಲಾಯಿತು. ಐರನ್‌ಮ್ಯಾನ್ ಗಾಯಗೊಂಡು ಸೆರೆಸಿಕ್ಕಿದ್ದು 1963ರ ಕಥೆಯಲ್ಲಿ ವಿಯೆಟ್ನಾಮ್‌ನಲ್ಲಿ. ಈ ಶತಮಾನದ ಕಥೆಗಳಲ್ಲಿ ಅದು ಅಫ್ಘಾನಿಸ್ತಾನವಾಯಿತು. 1974ರಲ್ಲಿ ಬಂದ ಪನಿಷರ್ ವಿಯೆಟ್ನಾಮ್‌ನಿಂದ ಮರಳಿದ ಸೈನಿಕ. 2019ರಲ್ಲಿ ಮಾರ್ಕ್ ವೇಡ್ ಬರೆದ ಮಾರ್ವೆಲ್ ಜಗತ್ತಿನ ಇತಿಹಾಸವು ಸಿಯಾನ್‌ಕಾಂಗ್ ಎಂಬ ಕಾಲ್ಪನಿಕ ದೇಶದ ಕಾಲ್ಪನಿಕ ಯುದ್ಧವನ್ನು ಹೆಣೆದು, ಇಂಥವರೆಲ್ಲರ ಯುದ್ಧಕಾಲವನ್ನು ಅದಕ್ಕೆ ಕಟ್ಟಿಹಾಕಿತು. ತಾರೀಖೇ ಇಲ್ಲದ ಯುದ್ಧ ಎಷ್ಟು ದೂರ ಬೇಕಾದರೂ ಜಾರಬಲ್ಲದು. ಲೆಕ್ಕ ಸರಿಹೋಯಿತು, ನಿಜ. ಆದರೆ ವಿಯೆಟ್ನಾಮ್ ಅಮೆರಿಕದ ಮೈಮೇಲಿನ ಗಾಯ. ಸಿಯಾನ್‌ಕಾಂಗ್ ಯಾರ ಗಾಯವೂ ಅಲ್ಲ. ಗಾರ್ತ್ ಎನ್ನಿಸ್ 2004ರಿಂದ ಮುಖ್ಯ ಕಥಾಲೋಕದ ಹೊರಗೆ ಬರೆದ ಪನಿಷರ್ ಐವತ್ತು ದಾಟಿದವನು, ವಿಯೆಟ್ನಾಮ್ ಕಂಡವನು. ಅವನ ಸಿಟ್ಟಿಗೆ ಇರುವ ತೂಕ ಜಾರಿಕೊಂಡು ಬಂದ ಪನಿಷರ್‌ನಲ್ಲಿ ಇಲ್ಲ.

ಇಬ್ಬರು ಮಾತ್ರ ಜಾರಲಿಲ್ಲ. 1941ರಲ್ಲಿ ಹುಟ್ಟಿದ ಕ್ಯಾಪ್ಟನ್ ಅಮೆರಿಕ ನಾಟ್ಸಿಗಳ ವಿರುದ್ಧ ಹೋರಾಡಿದವನು. ಅದನ್ನು ಕಿತ್ತರೆ ಅವನೇ ಇಲ್ಲ. 1964ರಲ್ಲಿ ಅವನನ್ನು ಮಂಜುಗಡ್ಡೆಯಿಂದ ಎಬ್ಬಿಸಿದಾಗ ಅವನು ಮಲಗಿದ್ದು ಎರಡು ದಶಕಕ್ಕೂ ಕಡಿಮೆ, ಜೊತೆಗಾರರಲ್ಲಿ ಹಲವರು ಇನ್ನೂ ಗಟ್ಟಿಮುಟ್ಟಾಗಿದ್ದರು. ಈಗ ಆ ನಿದ್ದೆ ವರ್ಷವರ್ಷವೂ ಉದ್ದವಾಗುತ್ತಿದೆ. ಯುದ್ಧಕಾಲದ ಪ್ರೇಯಸಿ ಪೆಗ್ಗಿ ಕಾರ್ಟರ್ ಮೊದಲು ಅವನು ಎದ್ದಮೇಲಿನ ಪ್ರೇಯಸಿ ಶ್ಯಾರನ್ ಕಾರ್ಟರ್‌ಗೆ ಅಕ್ಕನಾಗಿದ್ದಳು. ಲೆಕ್ಕ ಕೂಡದಾದಾಗ ಸೋದರತ್ತೆಯಾದಳು. ಕಾಲ ಜಾರಿದ್ದರಿಂದ ಕಥೆಗೆ ನಷ್ಟವಾಗದೆ ಲಾಭವೇ ಆದದ್ದು ನನಗೆ ತಿಳಿದಂತೆ ಇಲ್ಲೊಂದೇ ಕಡೆ. ಎದ್ದು ನೋಡಿದಾಗ ತನ್ನವರು ಯಾರೂ ಉಳಿದಿಲ್ಲ ಎಂಬ ಇಂದಿನ ಕ್ಯಾಪ್ಟನ್‌ನ ಒಂಟಿತನ 1964ರವನಿಗೆ ಇರಲಿಲ್ಲ.

ಮ್ಯಾಗ್ನೆಟೊ ಇನ್ನೊಬ್ಬ. 1963ರಲ್ಲಿ ಬರೀ ಖಳನಾಗಿ ಬಂದ ಅವನಿಗೆ ಕ್ರಿಸ್ ಕ್ಲೇರ್‌ಮಾಂಟ್ 1981ರಲ್ಲಿ ಆಶ್ವಿಟ್ಸ್‌ನ ಬಾಲ್ಯವನ್ನು ಕೊಟ್ಟರು. ಅಂದಿನಿಂದ ಅವನ ಪ್ರತಿ ಮಾತಿನ ಹಿಂದೆ ಆ ಶಿಬಿರವಿದೆ. ಅದಕ್ಕೂ ಮುಂಚೆ 1974ರ ಕಥೆಯೊಂದು ಅವನನ್ನು ಕೂಸಾಗಿ ಮಾಡಿತ್ತು, 1977ರಲ್ಲಿ ಮತ್ತೆ ಭರ್ತಿ ಪ್ರಾಯಕ್ಕೆ ತರಲಾಗಿತ್ತು. ಬರೆದಾಗ ಅದು ಕಥೆಯ ಒಂದು ತಿರುವು ಮಾತ್ರ. ಮುಂದೆ, ಆಶ್ವಿಟ್ಸ್ ಕಂಡವನು ಇಷ್ಟು ಗಟ್ಟಿಯಾಗಿರುವುದು ಹೇಗೆ ಎಂಬ ಪ್ರಶ್ನೆಗೆ ಅದೇ ಉತ್ತರವಾಯಿತು. ಅವನಿಗೆ ಬೇರೊಂದು ನರಮೇಧವನ್ನು ಹುಡುಕಿಕೊಡುವ ಬದಲು ಇಂಥ ಅಸಹಜ ಉಪಾಯಗಳನ್ನೇ ಲೇಖಕರು ಒಪ್ಪಿಕೊಂಡರು. ಅದು ಸರಿಯಾದ ಆಯ್ಕೆ ಎಂದು ನಾನು ದೃಢವಾಗಿ ನಂಬುತ್ತೇನೆ. ಸಾಹಸಕಥೆಯ ಅನುಕೂಲಕ್ಕಾಗಿ ಅಂಥ ನೆನಪನ್ನು ಬದಲಾಯಿಸಬಾರದು.

ಡಿಸಿಯ ಕಡೆ ಗಡಿಯಾರವಾಗಿದ್ದವರು ಬ್ಯಾಟ್‌ಮ್ಯಾನ್‌ನ ಕಿರಿಯ ಜೊತೆಗಾರರಾದ ರಾಬಿನ್‌ಗಳು. 1940ರಲ್ಲಿ ಚಿಕ್ಕ ಹುಡುಗನಾಗಿದ್ದ ಡಿಕ್ ಗ್ರೇಸನ್ 1969ರಲ್ಲಿ ಕಾಲೇಜಿಗೆ ಹೋದ, 1984ರಲ್ಲಿ ನೈಟ್‌ವಿಂಗ್ ಎಂಬ ಸ್ವತಂತ್ರ ವೀರನಾದ. ಹುಡುಗ ಗಂಡಸಾದ, ಬ್ಯಾಟ್‌ಮ್ಯಾನ್ ಮಾತ್ರ ಇದ್ದ ಹಾಗೇ ಇದ್ದ. ಆ ಜಾಗಕ್ಕೆ ಜೇಸನ್ ಟಾಡ್ ಬಂದ, ಟಿಮ್ ಡ್ರೇಕ್ ಬಂದ, 2009ರಲ್ಲಿ ಬ್ಯಾಟ್‌ಮ್ಯಾನ್‌ನ ಸ್ವಂತ ಮಗ ಡೇಮಿಯನ್ ಬಂದ. ಡಿಕ್ ದೊಡ್ಡವನಾಗುವ ಹೊತ್ತಿಗೆ ಓದುವವರೂ ಬದಲಾಗಿದ್ದರು. ಕಾಮಿಕ್ಸ್‌ಗೆಂದೇ ಅಂಗಡಿಗಳು ಹುಟ್ಟಿದ್ದವು, ಹುಡುಗರು ದೊಡ್ಡವರಾದರೂ ಓದು ಬಿಡಲಿಲ್ಲ, ಅವರಲ್ಲಿ ಕೆಲವರು ಲೇಖಕರೇ ಆದರು. ಎಲ್ಲವನ್ನೂ ನೆನಪಿಟ್ಟ ಓದುಗನ ಮುಂದೆ ಕನಸಿನ ಮಂಜು ನಿಲ್ಲುವುದಿಲ್ಲ. 1985ರಲ್ಲಿ ಶುರುವಾದ ಮಾರ್ವ್ ವುಲ್ಫ್‌ಮನ್, ಜಾರ್ಜ್ ಪೆರೆಜ್ ಅವರ 'ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್' ಹನ್ನೆರಡು ಸಂಚಿಕೆಗಳಲ್ಲಿ ಭೂಮಿಗಳನ್ನೆಲ್ಲ ಒಂದಾಗಿಸಿ ಲೆಕ್ಕವನ್ನು ಹೊಸದಾಗಿ ಬರೆಯಿತು. 1994ರಲ್ಲಿ, 2005ರಲ್ಲಿ ಮತ್ತೆ ತಿದ್ದುಪಡಿ. 2011ರ ಮರುಪ್ರಾರಂಭವಂತೂ ವೀರರ ಇತಿಹಾಸವನ್ನು ಸುಮಾರು ಐದು ವರ್ಷಕ್ಕೆ ಕುಗ್ಗಿಸಿತು. ಆ ಐದು ವರ್ಷದಲ್ಲಿ ಅಷ್ಟು ಮಂದಿ ರಾಬಿನ್‌ಗಳು ಹೇಗೆ ಬಂದುಹೋದರು ಎಂಬುದಕ್ಕೆ ಒಪ್ಪುವಂಥ ಉತ್ತರ ಸಿಗಲಿಲ್ಲ. ವಯಸ್ಸನ್ನು ನೇರವಾಗಿ ನೋಡಿದ ಫ್ರಾಂಕ್ ಮಿಲ್ಲರ್‌ನ 1986ರ 'ದ ಡಾರ್ಕ್ ನೈಟ್ ರಿಟರ್ನ್ಸ್', ಅಂದರೆ 55ರ ಬ್ಯಾಟ್‌ಮ್ಯಾನ್‌ನ ಕಥೆ, ಮುಖ್ಯ ಕಥಾಲೋಕದ ಹೊರಗೆ ಉಳಿಯಬೇಕಾಯಿತು.

ಮಕ್ಕಳ ವಿಷಯದಲ್ಲಿ ಎರಡು ಸಂಸ್ಥೆಗಳೂ ಎಸಗಿದ ತಪ್ಪುಗಳು ಇನ್ನೂ ನೋಯಿಸುತ್ತವೆ. 1987ರಲ್ಲಿ ಆದ ಪೀಟರ್, ಮೇರಿ ಜೇನ್ ಮದುವೆಯನ್ನು ಮಾರ್ವೆಲ್ 2007ರಲ್ಲಿ ದೆವ್ವದೊಡನೆ ಒಪ್ಪಂದ ಮಾಡಿಸಿ ಅಳಿಸಿತು. ಸಂಸಾರಸ್ಥನಾದರೆ ವಯಸ್ಸಾದಂತೆ ಕಾಣುತ್ತಾನೆ ಎಂಬ ಭಯವೇ ಅದಕ್ಕೆ ಮೂಲ. ಡಿಸಿಯಲ್ಲಿ ಸೂಪರ್‌ಮ್ಯಾನ್‌ಗೂ ಹೆಂಡತಿ ಲೋಯಿಸ್‌ಗೂ ಜಾನ್ ಎಂಬ ಮಗನಿದ್ದ. 2016ರಿಂದ ಎರಡು ವರ್ಷ ಬಂದ, ಹತ್ತು ವರ್ಷದ ಮಗನನ್ನು ಬೆಳೆಸುವ ಅಪ್ಪನ ಕಥೆಗಳು ಸೂಪರ್‌ಮ್ಯಾನ್ ಸಾಹಿತ್ಯದಲ್ಲೇ ಆಪ್ತವಾದವು. ಆಮೇಲೆ ಹುಡುಗನನ್ನು ಬಾಹ್ಯಾಕಾಶಕ್ಕೆ ಕಳಿಸಿ, ಕೆಲವೇ ಸಂಚಿಕೆಗಳಲ್ಲಿ 17ರ ಯುವಕನನ್ನಾಗಿಸಿ ಮರಳಿ ತಂದರು. ಫ್ರಾಂಕ್ಲಿನ್‌ನನ್ನು ಬೆಳೆಯಲು ಬಿಡಲಿಲ್ಲ, ಜಾನ್‌ನ ಬಾಲ್ಯವನ್ನೇ ಕಿತ್ತುಕೊಂಡರು.

ಕಾಲವನ್ನು ಇದ್ದಂತೆ ಬಿಟ್ಟವರೂ ಇದ್ದಾರೆ. ಬ್ರಿಟನ್ನಿನ '2000 ಎಡಿ' ವಾರಪತ್ರಿಕೆಯಲ್ಲಿ 1977ರಲ್ಲಿ ಜಾನ್ ವ್ಯಾಗ್ನರ್, ಕಾರ್ಲೊಸ್ ಎಸ್ಕೆರ್ರಾ ಆರಂಭಿಸಿದ ಜಡ್ಜ್ ಡ್ರೆಡ್ ನಮಗಿಂತ 122 ವರ್ಷ ಮುಂದಿದ್ದಾನೆ, ಆ ಅಂತರ ಬದಲಾಗುವುದಿಲ್ಲ. ನಮಗೆ ಒಂದು ವರ್ಷ ಕಳೆದರೆ ಅವನಿಗೂ ಒಂದು ವರ್ಷ. ಮಾರ್ವೆಲ್ 1986ರಲ್ಲಿ 'ನ್ಯೂ ಯೂನಿವರ್ಸ್' ಎಂಬ ಹೆಸರಿನಲ್ಲಿ ಇಂಥದ್ದೇ ಪ್ರಯತ್ನ ಮಾಡಿ ಮೂರೇ ವರ್ಷಕ್ಕೆ ನಿಲ್ಲಿಸಿತು. 2019ರಲ್ಲಿ ಚಿಪ್ ಜ್ಡಾರ್ಸ್ಕಿ, ಮಾರ್ಕ್ ಬ್ಯಾಗ್ಲಿ ಆರು ಸಂಚಿಕೆಗಳ 'ಲೈಫ್ ಸ್ಟೋರಿ'ಯಲ್ಲಿ ಸಂಚಿಕೆಗೊಂದು ದಶಕದಂತೆ ಪೀಟರ್‌ನನ್ನು ಮುಪ್ಪಿನವರೆಗೆ ನಡೆಸಿದರು. 2024ರಲ್ಲಿ ಜೊನಾಥನ್ ಹಿಕ್‌ಮನ್ ಹೊಸ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್'ನಲ್ಲಿ ಪೀಟರ್‌ಗೆ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕೊಟ್ಟು, ಸಂಚಿಕೆಗೊಂದು ತಿಂಗಳು ಕಳೆಯುವಂತೆ ಬರೆದರು. ಓದುಗರು ಅದನ್ನು ಮುಗಿಬಿದ್ದು ಕೊಂಡರು. 2007ರ ಭಯ ಎಷ್ಟು ಸುಳ್ಳಾಗಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಅಮೆರಿಕದ ಸೂಪರ್‌ಹೀರೋ ಪುಸ್ತಕಗಳಲ್ಲಿ ಇದನ್ನು ಹೆಚ್ಚು ಕಾಲ ಪಟ್ಟುಹಿಡಿದು ನಡೆಸಿದವರು ಎರಿಕ್ ಲಾರ್ಸನ್. 1992ರಿಂದ ತಾವೇ ಬರೆದು ತಾವೇ ಚಿತ್ರಿಸುತ್ತಿರುವ 'ಸ್ಯಾವೇಜ್ ಡ್ರ್ಯಾಗನ್'ನಲ್ಲಿ ಕಾಲ ನಮ್ಮದರಂತೆಯೇ ನಡೆಯುತ್ತದೆ. ಕಥೆಯೊಳಗೇ ಹುಟ್ಟಿದ ಮಗ ಮಾಲ್ಕಮ್ ದೊಡ್ಡವನಾಗಿ ಅಪ್ಪನಿಂದ ನಾಯಕನ ಸ್ಥಾನ ಪಡೆದ. ಫಾಕ್ 1936ರಲ್ಲಿ ಹಾಕಿಕೊಟ್ಟ ನಿಯಮವನ್ನು ಅಕ್ಷರಶಃ ಪಾಲಿಸಿದ್ದು ಈ ಪುಸ್ತಕ. ಲಾರ್ಸನ್‌ಗೆ ಇದು ಸಾಧ್ಯವಾದದ್ದು ಡ್ರ್ಯಾಗನ್‌ನ ಹಕ್ಕು ಅವರ ಕೈಯಲ್ಲೇ ಇರುವುದರಿಂದ. ಸ್ಪೈಡರ್‌ಮ್ಯಾನ್‌ಗೆ ಅಥವಾ ಸೂಪರ್‌ಮ್ಯಾನ್‌ಗೆ ಮುಪ್ಪು ಬರಬೇಕೇ ಎಂದು ತೀರ್ಮಾನಿಸುವವರು ಅವರ ಕಥೆ ಬರೆಯುವವರಲ್ಲ.