ದೋಣಿ, ಹರಿಗೋಲು, ತೆಪ್ಪ: ಕನ್ನಡನಾಡಿನ ಜಲವಿಹಾರವನ್ನು ಕುರಿತು ಒಂದು ವಿಚಾರ

ಅಮೆರಿಕಾ ದೇಶದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ವರ್ಷ ನನಗೊಂದು ಕಾಗದವನ್ನು ಬರೆದಿದ್ದರು. ಆ ದೇಶದಲ್ಲಿ ಮರದ ಕಿರುದೋಣಿಗಳ ಮೇಲೆ ಪ್ರೀತಿಯುಳ್ಳವರು ವರ್ಷಕ್ಕೊಮ್ಮೆ ಒಂದು ಸರೋವರದ ದಡದಲ್ಲಿ ಗುಂಪುಗೂಡುವರಂತೆ. ತಮ್ಮ ತಮ್ಮ ದೋಣಿಗಳನ್ನು ನೀರಿಗಿಳಿಸಿ, ಒಬ್ಬರದನ್ನೊಬ್ಬರು ಪರೀಕ್ಷಿಸಿ, ಮುರಿದುದನ್ನು ಸರಿಪಡಿಸುವ ಕ್ರಮವನ್ನು ಪರಸ್ಪರ ಹೇಳಿಕೊಟ್ಟು, ಕೂಡಿ ವಿಹರಿಸಿ ಹಿಂದಿರುಗುವರಂತೆ. ಇದಕ್ಕಾಗಿಯೇ ವುಡನ್ ಕೆನೂ ಹೆರಿಟೇಜ್ ಅಸೋಸಿಯೇಷನ್ ಎಂಬ ಸಂಘವು ೧೯೭೯ರಲ್ಲಿ ಸ್ಥಾಪಿತವಾಯಿತು. ಅದಕ್ಕೂ ಒಂದು ಶತಮಾನದಷ್ಟು ಹಿಂದೆ, ೧೮೮೦ರಲ್ಲಿ, ನ್ಯೂಯಾರ್ಕ್ ಸೀಮೆಯ ಲೇಕ್ ಜಾರ್ಜ್ ಎಂಬ ಸರೋವರದ ತಡಿಯಲ್ಲಿ ಅಮೆರಿಕನ್ ಕೆನೂ ಅಸೋಸಿಯೇಷನ್ ಹುಟ್ಟಿತ್ತು. ಇಷ್ಟನ್ನು ತಿಳಿಸಿ, “ಗುರುಗಳೇ, ನಮ್ಮವರು ಎಂದಾದರೂ ಹೀಗೆ ದೋಣಿಗಳೊಡನೆ ಕೂಡಿ ನಲಿದದ್ದುಂಟೆ? ಅಥವಾ ನಮಗೆ ನದಿಯೆಂದರೆ ದಾಟುವುದಕ್ಕೆ ಮಾತ್ರವೇ?” ಎಂದು ಅವರು ಕೇಳಿದ್ದರು.

ನಾನು ವಾಸಿಸುವ ರಾಜಗೋಪಾಲನಗರವು ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ಮಗ್ಗುಲಲ್ಲಿರುವುದು. ಇಲ್ಲಿ ನದಿಯಿಲ್ಲ. ಮಳೆಗಾಲದಲ್ಲಿ ರಸ್ತೆಯ ಮೇಲೆ ಹರಿಯುವ ನೀರನ್ನು ನದಿಯೆಂದು ಎಣಿಸುವುದಾದರೆ ಮಾತು ಬೇರೆ. ಅಂಥ ಸ್ಥಳದಲ್ಲಿ ಕುಳಿತು ನಾನು ಪಂಡಿತರ ವಾಡಿಕೆಯಂತೆ ಗ್ರಂಥಗಳನ್ನೇ ನಂಬಿ, “ಜಲಕ್ರೀಡಾವರ್ಣನೆಯಿಲ್ಲದ ಮಹಾಕಾವ್ಯವೇ ಇಲ್ಲ, ಆದುದರಿಂದ ಉಂಟು” ಎಂದು ಒಡನೆಯೇ ಉತ್ತರಿಸಿದೆನು. ಉತ್ತರವು ಹೋದಮೇಲೆ ಸಂದೇಹವು ಬಂದಿತು. ಅದರ ಫಲವೇ ಈ ಲೇಖನ.

ಉದ್ಯಾನಕ್ರೀಡೆ ಸಲಿಲಕ್ರೀಡೆಗಳು ಮಹಾಕಾವ್ಯದ ವರ್ಣನೆಗಳಲ್ಲಿ ಸೇರಿರಬೇಕೆಂದು ದಂಡಿಯು ಕಾವ್ಯಾದರ್ಶದಲ್ಲಿ ವಿಧಿಸಿರುವುದು ವಿದ್ವಾಂಸರಿಗೆ ವಿದಿತವೇ ಇದೆ. ಕನ್ನಡದ ಚಂಪೂಕವಿಗಳು ಈ ದಾರಿಯನ್ನೇ ಹಿಡಿದರು. ಆದರೆ ಆ ವರ್ಣನೆಗಳಲ್ಲಿ ದೋಣಿಯೆಲ್ಲಿದೆ? ಕೊಳಗಳಿವೆ, ತಾವರೆಗಳಿವೆ, ಚಿಮ್ಮುವ ನೀರಿದೆ, ಕದಡಿದ ಕುಂಕುಮವಿದೆ. ತೇಲುವ ಸಾಧನವು ಮಾತ್ರ ಕಣ್ಣಿಗೆ ಬೀಳುವುದು ಅಪರೂಪ. ಕಾಳಿದಾಸನು ರಘುವಂಶದ ಹದಿನಾರನೆಯ ಸರ್ಗದಲ್ಲಿ ಕುಶಮಹಾರಾಜನನ್ನು ಸರಯೂ ನದಿಯಲ್ಲಿ ನೌಕೆಯ ಮೇಲೆ ಕುಳ್ಳಿರಿಸುತ್ತಾನೆ. ಅದು ವಿಮಾನಸದೃಶವಾದ ನೌಕೆಯೆನ್ನುತ್ತಾನೆ. ಆದರೆ ಆ ನೌಕೆಯನ್ನು ಯಾರು ನಡೆಸಿದರು, ಯಾವ ಮರದಿಂದ ಮಾಡಿದರು ಎಂಬುದನ್ನು ಹೇಳುವ ಮೊದಲೇ ರಾಜನು ಅದರಿಂದಿಳಿದು ನೀರಿಗೆ ಹೋಗಿಬಿಡುವನು. ಕವಿಗೆ ಬೇಕಾದುದು ನೀರು, ನೌಕೆಯಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು (ಆಳ್ವಿಕೆ ಕ್ರಿ. ಶ. ೧೧೨೬–೧೧೩೮) ತನ್ನ ಮಾನಸೋಲ್ಲಾಸದಲ್ಲಿ ಇಪ್ಪತ್ತು ಕ್ರೀಡೆಗಳನ್ನು ಎಣಿಸಿ, ತೋಯಕ್ರೀಡೆಗೆ ಅಲ್ಲಿ ಸ್ಥಾನವನ್ನು ಕೊಟ್ಟಿರುವನು. ಅದೂ ಅರಸನ ಕ್ರೀಡೆಯೇ. ನನ್ನ ವಿದ್ಯಾರ್ಥಿಯು ಕೇಳಿದುದು ಅರಸರನ್ನಲ್ಲ.

ಶಾಸನಗಳಲ್ಲಿ ನೌಕೆಗಳು ಉಂಟು, ಆದರೆ ಯುದ್ಧಕ್ಕಾಗಿ. ಕ್ರಿ. ಶ. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ನೂರಾರು ನೌಕೆಗಳು ಪುರಿಯನ್ನು ಮುತ್ತಿದುದನ್ನು ಹೇಳಿರುವನು. ಧಾರವಾಡದ ಬಳಿಯ ನರೇಂದ್ರದ ಶಾಸನವು ಗೋವೆಯ ಕದಂಬರ ಷಷ್ಠದೇವನು ಲಂಕೆಯವರೆಗೆ ಹಡಗುಗಳ ಸಾಲಿನಿಂದಲೇ ಸೇತುವೆ ಕಟ್ಟಿದನೆಂದು ಹೊಗಳುವುದು. ಶಾಸನಕವಿಯ ಅತಿಶಯೋಕ್ತಿಗೆ ಬೆಲೆ ಕಟ್ಟುವುದು ಇಲ್ಲಿ ಅಪ್ರಕೃತ.

ಹೀಗಿರಲಾಗಿ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿಯಬೇಕಾಯಿತು. ದೋಣಿಯೊಡನೆ ಕೂಡಿ ನಲಿದವರನ್ನು ಹುಡುಕುವ ಮೊದಲು ದೋಣಿಯೆಂದರೇನೆಂಬುದನ್ನೇ ತಿಳಿಯಬೇಕಲ್ಲವೆ?

ಅಮರಸಿಂಹನು ವಾರಿವರ್ಗದಲ್ಲಿ ಉಡುಪ, ಪ್ಲವ, ಕೋಲ ಎಂಬ ಶಬ್ದಗಳನ್ನು ಒಂದೆಡೆ ಕೂಡಿಸಿ, ದ್ರೋಣೀ ಎಂಬುದನ್ನು ಬೇರೆ ನಿಲ್ಲಿಸಿ, ಅದು ಕಾಷ್ಠಮಯವಾದ ಜಲಪಾತ್ರವೆಂದು ಅರ್ಥವಾಗುವಂತೆ ಹೇಳಿರುವನು. ದ್ರೋಣಶಬ್ದದ ಮೂಲದಲ್ಲಿ ‘ದ್ರು’ ಅಂದರೆ ಮರವಿದೆ. ಸೋಮಯಾಗದ ದ್ರೋಣಕಲಶವು ಮರದ ತೊಟ್ಟಿಯೇ. ಭಾರತದ ದ್ರೋಣಾಚಾರ್ಯನಿಗೆ ಹೆಸರು ಬಂದುದೂ ಅಂಥ ಪಾತ್ರೆಯಿಂದಲೇ. ಕನ್ನಡದ ದೋಣಿಯನ್ನು ದ್ರೋಣಿಯ ತದ್ಭವವೆಂದು ನಮ್ಮ ಸಂಪ್ರದಾಯವು ಹೇಳುವುದು. ತಮಿಳಿನ ‘ತೋಣಿ’ಯನ್ನು ನೋಡಿ ದ್ರಾವಿಡಮೂಲವನ್ನು ಊಹಿಸುವವರೂ ಉಂಟು. ಅದಂತಿರಲಿ. ಹಳಗನ್ನಡದಲ್ಲಿ ಬತ್ತಳಿಕೆಗೆ ದೊಣೆಯೆಂದು ಹೆಸರು. ಬಂಡೆಯ ಮೇಲೆ ಮಳೆನೀರು ನಿಲ್ಲುವ ಹೊಂಡವೂ ದೊಣೆಯೇ. ಇವೆಲ್ಲದರಲ್ಲಿಯೂ ಸಮಾನವಾದ ಧರ್ಮವು ಟೊಳ್ಳುತನ. ಒಂದೇ ಮರದ ದಿಮ್ಮಿಯನ್ನು ಕೊರೆದು ಟೊಳ್ಳುಮಾಡಿದುದು ದೋಣಿ: ಇದೇ ಅದರ ಮೊದಲ ಅರ್ಥವೆಂದು ನಮ್ಮ ಅಭಿಪ್ರಾಯ. ನಮ್ಮ ಕರಾವಳಿಯ ಪಾತಿದೋಣಿಯು ಈ ಜಾತಿಯದು. ಅಮೆರಿಕಾದವರ ‘ಕೆನೂ’ ಶಬ್ದವೂ, ೧೪೯೨ರಲ್ಲಿ ಕೊಲಂಬಸನು ದ್ವೀಪವಾಸಿಗಳ ಬಾಯಿಂದ ಕೇಳಿದಾಗ, ಕೊರೆದ ಮರದ ದೋಣಿಯನ್ನೇ ಹೇಳುತ್ತಿತ್ತು.

ಹರಿಗೋಲಾದರೋ ಬೇರೆಯೇ ವಸ್ತು. ಅದರಲ್ಲಿ ಕೊರೆಯುವುದೇನೂ ಇಲ್ಲ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ದುಂಡಗೆ ಹೆಣೆದು, ಹೊರಗೆ ತೊಗಲನ್ನು ಹೊದಿಸುವರು. ಆದಿಯ ಹಕಾರವು ಪಕಾರದಿಂದ ಬಂದುದು. ಪರಿಯುವ, ಎಂದರೆ ಹರಿಯುವ ನೀರಿಗೂ ಈ ಹೆಸರಿಗೂ ಸಂಬಂಧವಿದ್ದೀತೆಂದು ನನಗೆ ತೋರುವುದು. ಇದು ಊಹೆ; ಹಟವಿಲ್ಲ. ತೆಪ್ಪವು ಮೂರನೆಯದು: ಮರದ ತುಂಡುಗಳನ್ನೋ ಬಿದಿರನ್ನೋ ಬಾಳೆದಿಂಡುಗಳನ್ನೋ ಒತ್ತಾಗಿ ಕಟ್ಟಿದುದು. ಒಂದು ಕೊರೆದುದು, ಒಂದು ಹೆಣೆದುದು, ಒಂದು ಕಟ್ಟಿದುದು. ನಮ್ಮ ಪಾಠಪುಸ್ತಕಗಳ ಟಿಪ್ಪಣಿಗಳಲ್ಲಿ ಮೂರಕ್ಕೂ ‘ನಾವೆ’ ಎಂಬ ಒಂದೇ ಅರ್ಥವು ಬರೆದಿರುವುದು. ನಾನೂ ಇಪ್ಪತ್ತೈದು ವರ್ಷ ಹಾಗೆಯೇ ಪಾಠ ಹೇಳಿದೆನೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಈ ಅಲಕ್ಷ್ಯದಿಂದ ಆಗುವ ನಷ್ಟವು ಅಲ್ಪವಲ್ಲ. ಪುರಂದರದಾಸರದೆಂದು ಪ್ರಸಿದ್ಧವಾದ, ಅಂಬಿಗನನ್ನು ಸಂಬೋಧಿಸುವ ಕೀರ್ತನೆಯನ್ನು ಅರಿಯದವರಾರು? ಅಲ್ಲಿ ದೇಹವನ್ನು ಒಂಬತ್ತು ರಂಧ್ರಗಳುಳ್ಳ ಹರಿಗೋಲೆಂದು ದಾಸರು ರೂಪಿಸಿರುವರು. ನವದ್ವಾರಗಳ ಪುರವೆಂಬ ಗೀತೆಯ ಮಾತನ್ನು ಹೇಳಿ ವ್ಯಾಖ್ಯಾನಕಾರರು ಸುಮ್ಮನಾಗುವರು. ಸಂಖ್ಯೆಯು ಹೊಂದಿತು, ವಸ್ತುವು ಹೊಂದಿತೆ? ಮರದ ದೋಣಿಗೂ ಒಂಬತ್ತು ತೂತುಗಳಿರಬಹುದು; ಹರಿಗೋಲೇ ಏಕೆ? ಏಕೆಂದರೆ ಹರಿಗೋಲಿಗೆ ಒಳಗೆ ಬಿದಿರಿನ ಪಕ್ಕೆಲುಬುಗಳು, ಹೊರಗೆ ತೊಗಲು. ಎಲುಬಿನ ಗೂಡಿಗೆ ಚರ್ಮವನ್ನು ಹೊದಿಸಿದ ಈ ದೇಹಕ್ಕೆ ಅದಕ್ಕಿಂತ ಸಮೀಪವಾದ ಉಪಮಾನವು ನೀರಿನ ಮೇಲೆ ಬೇರೊಂದಿಲ್ಲ. ತೊಗಲು ನೆನೆದು ಕೊಳೆಯುವುದು; ಆಗಾಗ ದಡಕ್ಕೆಳೆದು ಒಣಗಿಸದಿದ್ದರೆ ಹರಿಗೋಲು ಬಾಳದು. ‘ದೋಣಿ’ಯೆಂದು ಅರ್ಥ ಹೇಳಿದ ಕ್ಷಣದಲ್ಲಿ ರೂಪಕದ ಜೀವವೇ ಹೋಗುವುದು.

ದಾಸರು ಹರಿಗೋಲನ್ನು ಕಂಡಿದ್ದರೆಂಬುದಕ್ಕೆ ಹೊರಗಿನ ಸಾಕ್ಷ್ಯವೂ ಇದೆ. ಕ್ರಿ. ಶ. ೧೫೨೦ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಯ ಕಡವನ್ನು ದಾಟಿಸುತ್ತಿದ್ದ ನಾವೆಗಳನ್ನು ವರ್ಣಿಸಿರುವನು: ಬುಟ್ಟಿಯಂತೆ ದುಂಡಗಿನವು, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನರನ್ನು ಹೊರುವುವು, ಅವಶ್ಯವಾದರೆ ಕುದುರೆ ಎತ್ತುಗಳನ್ನೂ ದಾಟಿಸುವುವು, ಹುಟ್ಟು ಹಾಕಿದಂತೆಲ್ಲ ಸುತ್ತುತ್ತಲೇ ಹೋಗುವುವು. ದಾಸರ ಕಾಲವನ್ನು ಸಂಪ್ರದಾಯವು ೧೪೮೪ರಿಂದ ೧೫೬೪ರವರೆಗೆ ಎಣಿಸುವುದು. ಅವರ ಹೆಸರಿನ ಮಂಟಪವು ಇಂದಿಗೂ ಹಂಪೆಯಲ್ಲಿ ಅದೇ ತುಂಗಭದ್ರೆಯ ದಡದಲ್ಲಿದೆ. ಒಂದೇ ನದಿ, ಒಂದೇ ಕಾಲ. ಜೇಮ್ಸ್ ಹಾರ್ನೆಲ್ ಎಂಬ ವಿದ್ವಾಂಸನು ೧೯೩೩ರಲ್ಲಿ ದಕ್ಷಿಣ ಹಿಂದೂಸ್ಥಾನದ ಹರಿಗೋಲುಗಳನ್ನು ಕುರಿತು ಲೇಖನ ಬರೆದನು. ಈಗ ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆಯೂ ಟಾರೂ ಬಂದಿವೆ. ಪಾಠಶಾಲೆಯ ದಿನಗಳಲ್ಲಿ ಸಹಾಧ್ಯಾಯಿಗಳೊಡನೆ ಅಲ್ಲಿಗೆ ಹೋಗಿದ್ದಾಗ, ಅಂಬಿಗನು ನಮ್ಮ ಸಂತೋಷಕ್ಕಾಗಿ ನಡುಹೊಳೆಯಲ್ಲಿ ಹರಿಗೋಲನ್ನು ಬುಗುರಿಯಂತೆ ತಿರುಗಿಸಿದನು. ಅಮರವನ್ನು ಕಂಠಪಾಠ ಮಾಡಿದ್ದ ಹನ್ನೊಂದು ಮಂದಿ ಅಂಚನ್ನು ಹಿಡಿದು ಕೂಗಿಕೊಂಡೆವು. ಅಂಬಿಗನು ನಕ್ಕನು.

ಇಲ್ಲೊಂದು ಕೌತುಕವಿದೆ. ಅಮೆರಿಕಾದವರು ಇಂದು ಕೂಡಿ ಪೂಜಿಸುವಂತೆ ಪ್ರೀತಿಸುವ ಮರದ ಕೆನೂ ಬಹುಮಟ್ಟಿಗೆ ಕೊರೆದುದಲ್ಲ. ಅಲ್ಲಿಯ ಮೂಲನಿವಾಸಿಗಳು ಮರದ ಪಕ್ಕೆಲುಬುಗಳಿಗೆ ಭೂರ್ಜದ ತೊಗಟೆಯನ್ನು ಹೊದಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ತೊಗಟೆಗೆ ಬದಲಾಗಿ ತೆಳುಹಲಗೆಯೂ ಕ್ಯಾನ್ವಾಸೂ ಬಂದುವು. ಆದುದರಿಂದ ಹೆಸರಿನಲ್ಲಿ ಕೆನೂ ನಮ್ಮ ದೋಣಿಗೆ ನೆಂಟನಾದರೂ ಕಟ್ಟಡದಲ್ಲಿ ಹರಿಗೋಲಿಗೆ ಹತ್ತಿರ. ನನ್ನ ವಿದ್ಯಾರ್ಥಿಗೆ ಇದನ್ನು ಬರೆದಾಗ ಅವರು ಬಹಳ ಹರ್ಷಪಟ್ಟರು.

ಇನ್ನು ಕೂಟದ ವಿಚಾರ. ನಮ್ಮಲ್ಲಿ ಜನರು ಗುಂಪುಗೂಡಿ ನೀರಿಗಿಳಿಯುವುದು ವಿನೋದದ ಹೆಸರಿನಲ್ಲಲ್ಲ, ದೇವರ ಹೆಸರಿನಲ್ಲಿ. ಇದನ್ನು ಮರೆತು ಹುಡುಕಿದುದರಿಂದಲೇ ನನಗೆ ಮೊದಲು ಏನೂ ಸಿಕ್ಕಲಿಲ್ಲ. ವಿಹರಿಸುವವನು ದೇವರು, ಜನರು ಅವನ ಪರಿವಾರ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಮಾರ್ಗಶಿರ ಮಾಸದ ಚಂಪಾಷಷ್ಠಿಯ ರಥೋತ್ಸವವಾದಮೇಲೆ ಕುಮಾರಧಾರೆಯಲ್ಲಿ ಅವಭೃತವೂ ದೇವರ ನೌಕಾವಿಹಾರವೂ ನಡೆಯುವುವು. ಹೆಸರೇ ನೌಕಾವಿಹಾರ! ಕಾವ್ಯದಲ್ಲಿ ಕುಶನು ಒಡನೆಯೇ ಇಳಿದುಬಿಟ್ಟ ನೌಕೆಯು ಇಲ್ಲಿ ಉತ್ಸವದ ಪ್ರಧಾನಾಂಗವಾಗಿದೆ. ಉಡುಪಿಯ ಮಧ್ವಸರೋವರದಲ್ಲಿ ಕಾರ್ತಿಕದ ಲಕ್ಷದೀಪೋತ್ಸವದ ಕಾಲಕ್ಕೆ ತೆಪ್ಪೋತ್ಸವ. ಮೈಸೂರಿನ ಚಾಮುಂಡಿಬೆಟ್ಟದ ದೇವಿಕೆರೆಯಲ್ಲಿ ದಸರೆಯ ತರುವಾಯ ತೆಪ್ಪೋತ್ಸವ. ಹೆಸರು ತೆಪ್ಪವಾದರೂ ಕೆಲವೆಡೆ ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿ ಮಂಟಪವನ್ನು ಕಟ್ಟುವರು. ವಸ್ತುವು ಬದಲಾದರೂ ಹೆಸರು ಹಳೆಯ ಕಟ್ಟಡವನ್ನು ನೆನಪಿನಲ್ಲಿಟ್ಟಿದೆ.

ಇವುಗಳಲ್ಲಿ ಜನರು ದಡದಲ್ಲಿ ನಿಲ್ಲುವರು. ಜನರೇ ದೋಣಿಯೇರುವ ಕೂಟವನ್ನು ನೋಡಬೇಕಾದರೆ ಕಾರವಾರಕ್ಕೆ ಹೋಗಬೇಕು. ಅಲ್ಲಿಯ ಸಮುದ್ರದಲ್ಲಿ ಕೂರ್ಮಗಡವೆಂಬ ನಡುಗಡ್ಡೆಯಿದೆ. ಪುಷ್ಯ ಹುಣ್ಣಿಮೆಯಂದು ಅಲ್ಲಿ ನರಸಿಂಹದೇವರ ಜಾತ್ರೆ. ನಡುಗಡ್ಡೆಗೆ ದೋಣಿಯಲ್ಲದೆ ಬೇರೆ ದಾರಿಯಿಲ್ಲವಾದ್ದರಿಂದ ಅಂದು ಜಾತ್ರೆಯ ಜನವೆಲ್ಲ ಸಮುದ್ರದ ಮೇಲೆಯೇ ಸಾಗಬೇಕು. ರಥಕ್ಕೆ ಬದಲಾಗಿ ದೋಣಿ, ಬೀದಿಗೆ ಬದಲಾಗಿ ಸಮುದ್ರ. ದೋಣಿಯೂ ಪ್ರಯಾಣವೂ ಕೂಟವೂ ಒಂದೇ ಆಗಿರುವ ಉತ್ಸವವು ಕನ್ನಡನಾಡಿನಲ್ಲಿ ನಾನರಿತಂತೆ ಇದಕ್ಕಿಂತ ಸ್ಪಷ್ಟವಾದುದು ಇನ್ನೊಂದಿಲ್ಲ. ವಿದ್ಯಾರ್ಥಿಯ ಪ್ರಶ್ನೆಗೆ ಇದೇ ನಿಜವಾದ ಉತ್ತರವೆಂದು ನಾನು ಎಣಿಸುತ್ತೇನೆ. ಆದರೆ ಈ ಉತ್ತರವನ್ನು ಬರೆಯುವಾಗ ಲೇಖನಿಯು ತಡೆಯುವುದು. ೨೦೧೯ರ ಜನವರಿ ೨೧ರಂದು, ಆ ಜಾತ್ರೆಯನ್ನು ಮುಗಿಸಿಕೊಂಡು ಮರಳುತ್ತಿದ್ದ ದೋಣಿಯೊಂದು ಮಗುಚಿ ೧೬ ಮಂದಿ ಮಡಿದರು. ಅವರಲ್ಲಿ ಮಕ್ಕಳೂ ಇದ್ದರು.

ಭೋಜರಾಜನ ಹೆಸರಿನಲ್ಲಿರುವ ಯುಕ್ತಿಕಲ್ಪತರುವೆಂಬ ಗ್ರಂಥವು ನೌಕೆಗಳನ್ನು ಸಾಮಾನ್ಯ, ವಿಶೇಷ ಎಂದು ವಿಂಗಡಿಸಿ, ಸಾಮಾನ್ಯದಲ್ಲಿ ಹತ್ತು ಭೇದಗಳನ್ನು ಹೇಳುವುದು. ಅವುಗಳಲ್ಲಿ ಕ್ಷುದ್ರಾ ಎಂಬುದು ಅತ್ಯಲ್ಪ: ಉದ್ದ ಹದಿನಾರು ಮೊಳ, ಅಗಲ ನಾಲ್ಕು, ಎತ್ತರ ನಾಲ್ಕು. ಭೀಮಾ, ಭಯಾ, ಗರ್ಭರಾ ಎಂಬ ಮೂರು ಅಶುಭವೆಂದೂ ಅದೇ ಹೇಳುವುದು. ಇದನ್ನು ಮೊದಲು ಓದಿದಾಗ ಶಾಸ್ತ್ರಕಾರರ ಎಣಿಕೆಯ ಚಾಪಲ್ಯವೆಂದು ನಕ್ಕಿದ್ದೆನು. ಕೂರ್ಮಗಡದ ಸುದ್ದಿಯಾದಮೇಲೆ ಮತ್ತೆ ತೆಗೆದು ಓದಿದೆನು, ನಗು ಬರಲಿಲ್ಲ. ಯಾವ ನಾವೆಯು ಯಾವ ನೀರಿಗೆ ತಕ್ಕುದೆಂಬುದನ್ನು ಯಾರೋ ಒಬ್ಬರು ಬರೆದಿಡಬೇಕೆಂದು ಎಣಿಸಿದ್ದರಲ್ಲ!

ಕರಾವಳಿಯಲ್ಲಿ ದೋಣಿಯ ಕೂಟವು ದುಡಿಮೆಯಲ್ಲಿಯೂ ಇದ್ದಿತು. ರಂಪಣಿಯೆಂಬ ಮಹಾಬಲೆಯನ್ನು ಮರದ ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧವರ್ತುಲವಾಗಿ ಬಿಟ್ಟು, ಎರಡು ತುದಿಗಳನ್ನೂ ಹತ್ತಾರು ಮಂದಿ ದಡದಿಂದೆಳೆಯುತ್ತಿದ್ದರು. ಬಂದ ಮೀನನ್ನು ಪಾಲುಮಾಡಿಕೊಳ್ಳುತ್ತಿದ್ದರು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆಗಳು ಬಂದಮೇಲೆ ರಂಪಣಿಯು ಕ್ಷೀಣಿಸಿತು. ಈಚೆಗೆ ಮರದ ಸ್ಥಾನಕ್ಕೆ ಫೈಬರ್ ಬಂದಿದೆ. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುವ ಪದ್ಧತಿಯು ಪಶ್ಚಿಮ ಕರಾವಳಿಯಲ್ಲಿ ಪುರಾತನವಾದುದು. ಆ ಹೊಲಿಗೆಯ ಒಂದೊಂದು ಅಂಗಕ್ಕೂ ದುಡಿಯುವವರಲ್ಲಿ ಹೆಸರುಗಳಿರುತ್ತವೆ. ಅಮರನು ಹುಟ್ಟಿಗೆ, ಚುಕ್ಕಾಣಿಗೆ, ನೀರು ಮೊಗೆಯುವ ಪಾತ್ರೆಗೆ ಕೂಡ ಹೆಸರು ಹೇಳಿದಂತೆ. ಕರಾವಳಿಯ ಶಾಲೆಗಳಲ್ಲಿರುವ ಉಪಾಧ್ಯಾಯ ಮಿತ್ರರು ಹಳೆಯ ಬಡಗಿಗಳ ಬಾಯಿಂದ ಅವುಗಳನ್ನು ಬರೆದುಕೊಂಡು ಈ ಪತ್ರಿಕೆಗೆ ಕಳುಹಿಸಿದರೆ ನಿಘಂಟುಕಾರರಿಗೆ ಉಪಕಾರವಾಗುವುದು.

ಈ ವರ್ಷ ತರಗತಿಯಲ್ಲಿ ದಾಸರ ಆ ಕೀರ್ತನೆಯು ಬಂದಾಗ ಕರಿಹಲಗೆಯ ಮೇಲೆ ಹರಿಗೋಲಿನ ಚಿತ್ರವನ್ನು ಬರೆದೆನು. ಬಿದಿರಿನ ಹೆಣಿಗೆಯನ್ನೂ ಹೊರಗಣ ತೊಗಲನ್ನೂ ಬೇರೆಬೇರೆಯಾಗಿ ತೋರಿಸಿದೆನು. ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿಯುವವರ ಮಗಳೊಬ್ಬಳು ಎದ್ದು ನಿಂತು, “ಗುರುಗಳೇ, ದುಂಡಗಿದ್ದರೆ ಅದು ನೇರವಾಗಿ ಹೋಗುವುದು ಹೇಗೆ?” ಎಂದು ಕೇಳಿದಳು. ಪಾಯೆಸನೂ ಅದನ್ನೇ ಗಮನಿಸಿದ್ದನೆಂದು ಹೇಳಿ, ಆನೆಗೊಂದಿಯ ಅಂಬಿಗನು ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿದ ಕ್ರಮವನ್ನು ಕೈಯಿಂದ ಅಭಿನಯಿಸಿ ತೋರಿಸಿದೆನು.