ತಂತಿಯೂ ತಾಳವೂ ಒಬ್ಬನ ಕೈಯಲ್ಲೇ

ಗಿಟಾರಿನ ತಂತಿ ಮೀಟುವ ಕೈಯೇ ಅದರ ಮರದ ಮೈಗೂ ಬಡಿದು ತಾಳ ಹುಟ್ಟಿಸುವ ಶೈಲಿಯೊಂದಿದೆ. ಅಂಗೈಯ ಬುಡ ಮೇಲ್ಹಲಗೆಗೆ ತಾಗಿದರೆ ಡಗ್ಗಾದಂಥ ತಗ್ಗಿನ ನಾದ, ಬೆರಳತುದಿ ಪಕ್ಕೆಗೆ ಸಿಡಿದರೆ ಚುರುಕಾದ ಪೆಟ್ಟು. ಎಡಗೈ ಬೆರಳು ತಂತಿಯ ಮೇಲೆ ಕುಟ್ಟಿದಂತೆ ಬಿದ್ದು, ಮೀಟದೆಯೇ ಸ್ವರ ಹೊರಡಿಸುತ್ತದೆ. ಇದನ್ನು ನಮಗೆ ಸಂಬಂಧವಿಲ್ಲದ ಪರದೇಶದ ಕಸರತ್ತೆಂದು ಬದಿಗಿಡುವುದು ಸುಲಭ. ಆದರೆ ವಿಜಯಪುರ ಸೀಮೆಯ ಸಂಗೀತದ ಹಿಂದಣ ದಾರಿಯನ್ನು ನೋಡಿದರೆ, ತಂತಿ ಮತ್ತು ತಾಳ ಎರಡನ್ನೂ ಒಬ್ಬನೇ ಹೊರುವ ಕಲೆ ಇಲ್ಲಿ ಬಹಳ ಹಳೆಯದು. ಆಶ್ರಯವಿಲ್ಲದವನ ಕಲೆಯಾಗಿದ್ದುದರಿಂದಲೇ ಅದು ಉಳಿಯಿತು ಎಂಬುದು ನನ್ನ ವಾದ.

ಮೊದಲು ಆಶ್ರಯವಿದ್ದವರ ಕಡೆಯಿಂದ ನೋಡೋಣ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲಶಾಹ ದಖನಿಯಲ್ಲಿ 'ಕಿತಾಬ್-ಎ-ನವರಸ್' ಬರೆದವನು. ತನ್ನ ತಂಬೂರಕ್ಕೆ ಮೋತಿ ಖಾನ್ ಎಂದು ಹೆಸರಿಟ್ಟು ಮುದ್ದು ಮಾಡಿದವನು. ಅವನು ತಂಬೂರ ನುಡಿಸುತ್ತಿರುವ ಚಿತ್ರ ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಕೈಯಲ್ಲಿ ಚಿಟಿಕೆ ಹಿಡಿದು ನಿಂತಿರುವ, ಸುಮಾರು 1615ರ ಇನ್ನೊಂದು ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಒಂದರಲ್ಲಿ ತಂತಿ, ಇನ್ನೊಂದರಲ್ಲಿ ತಾಳ. ಎರಡನ್ನೂ ಒಟ್ಟಿಗೆ ಹೊರಬೇಕಾದ ಅಗತ್ಯ ಅರಸನಿಗಿರಲಿಲ್ಲ. ಸುತ್ತ ಕಲಾವಿದರ ದಂಡೇ ಇತ್ತು. ಅವರಿಗಾಗಿ, ತನ್ನ ಕನಸಿಗಾಗಿ, ನಗರದ ಪಶ್ಚಿಮಕ್ಕೆ, ಟಿಕೋಟಾ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ತೊರವಿಯ ಬಳಿ 1599ರಲ್ಲಿ ನವರಸಪುರ ಕಟ್ಟಿಸಲು ತೊಡಗಿದ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. 1686ರಲ್ಲಿ ಔರಂಗಜೇಬ ವಿಜಯಪುರವನ್ನೇ ಗೆದ್ದುಕೊಂಡ. ತೊರವಿಯ ಸಂಗೀತ ಮಹಲಿನ ಗೋಡೆಗಳು ಇಂದಿಗೂ ನಿಂತಿವೆ, ಆದರೆ ಅಲ್ಲಿ ಯಾವ ಕೈ ಹೇಗೆ ನುಡಿಸುತ್ತಿತ್ತು ಎಂಬುದನ್ನು ಕಲಿಸಿಕೊಡುವ ಪರಂಪರೆ ಉಳಿಯಲಿಲ್ಲ.

ಅದೇ ಶತಮಾನದಲ್ಲಿ ಆದಿಲಶಾಹಿ ಆಡಳಿತದ ಹುದ್ದೆ ತೊರೆದ ಮಹಿಪತಿದಾಸರು ಈಗಿನ ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯಲ್ಲಿ ನೆಲೆನಿಂತು, ಕನ್ನಡದ ಜೊತೆಗೆ ಮರಾಠಿ, ಹಿಂದುಸ್ತಾನಿಗಳಲ್ಲೂ ಪದ ಕಟ್ಟಿದರು. ದಾಸರ ಸಜ್ಜನ್ನು ಗಮನಿಸಿ: ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಚಿಟಿಕೆ, ಕಾಲಲ್ಲಿ ಗೆಜ್ಜೆ. ಮನೆಮನೆಯ ಮುಂದೆ ನಿಲ್ಲುವವನಿಗೆ ಮೃದಂಗದವನನ್ನು ಜೊತೆಗೆ ಕರೆದೊಯ್ಯುವ ಶಕ್ತಿಯಿಲ್ಲ, ಹಾಗಾಗಿ ಅವನ ಮೈಯೇ ಮೇಳವಾಗಬೇಕಾಯಿತು. ದರ್ಬಾರಿನ ಸಂಗೀತಕ್ಕೆ ಬೇಕಾದದ್ದು ಖಜಾನೆ, ಇದಕ್ಕೆ ಬೇಕಾದದ್ದು ಜೋಳಿಗೆ. ಖಜಾನೆ ಬರಿದಾದ ಮೇಲೂ ಜೋಳಿಗೆ ಊರೂರು ತಿರುಗಿತು.

ಗೀಗೀ ಪದದವರ ತುಂತುಣಿ ಇನ್ನೊಂದು ಹೆಜ್ಜೆ ಮುಂದಿದೆ. ಮರದ ಕೊಳವಿಯ ತಳಕ್ಕೆ ಚರ್ಮ ಬಿಗಿದು, ಆ ಚರ್ಮದ ನಡುವಿನಿಂದ ಹೊರಟ ತಂತಿಯನ್ನು ಪಕ್ಕದ ಕೋಲಿನ ತುದಿಯ ಬಿರಡೆಗೆ ಸುತ್ತಿರುತ್ತಾರೆ. ತಂತಿ ಮೀಟಿದರೆ ಚರ್ಮ ಗುನುಗುತ್ತದೆ. ಶ್ರುತಿ ಮತ್ತು ಪೆಟ್ಟು ಒಂದೇ ಏಟಿಗೆ ಹೊರಡುತ್ತವೆ. ಯಲ್ಲಮ್ಮನ ಜೋಗತಿಯರ ಚೌಡಿಕೆಯ ಗುಟ್ಟೂ ಇದೇ. ಗೀಗೀ ಮೇಳದಲ್ಲಿ ದಪ್ಪು, ತಾಳ ಬೇರೆ ಇರುತ್ತವಲ್ಲ ಎನ್ನಬಹುದು. ಇರುತ್ತವೆ, ಆದರೆ ಅದು ಮೂರು ನಾಲ್ಕು ಜನರ ಮೇಳ. ಯಾರೂ ಒಂದೇ ಕೆಲಸ ಮಾಡಿ ಕೂರುವಂತಿಲ್ಲ.

ಇನ್ನು ದೊಡ್ಡ ಆಕ್ಷೇಪ. ಗಿಟಾರಿನ ಈ ಶೈಲಿಗೆ ತನ್ನದೇ ವಂಶವಿದೆ: ಸ್ಪೇನಿನ ಫ್ಲಮೆಂಕೊ ವಾದಕರು ಹಲಗೆಗೆ ಬೆರಳಿನಿಂದ ಬಡಿಯುತ್ತಲೇ ಬಂದವರು, ಏಟಿನಿಂದ ಮರ ಕೆಡದಿರಲೆಂದು ಅಲ್ಲಿ ತೆಳು ಪ್ಲಾಸ್ಟಿಕ್ ಹಾಳೆಯೊಂದನ್ನು ಅಂಟಿಸುತ್ತಾರೆ, ಅಮೆರಿಕದ ಮೈಕೆಲ್ ಹೆಡ್ಜಸ್ 1984ರ 'ಏರಿಯಲ್ ಬೌಂಡರೀಸ್'ನಲ್ಲಿ ಎರಡೂ ಕೈಗಳಿಂದ ತಂತಿ ಕುಟ್ಟುವುದನ್ನು ಸಂಗೀತದ ಒಡಲಾಗಿಸಿದ. ಇದಕ್ಕೂ ಕಾಖಂಡಕಿಗೂ ರಕ್ತಸಂಬಂಧವಿಲ್ಲ, ನಿಜ. ತಂಬೂರಿ ಶ್ರುತಿಯನ್ನಷ್ಟೇ ಕೊಡುತ್ತದೆ, ಗಿಟಾರಿನಲ್ಲಿ ರಾಗವೇ ಅರಳಬೇಕು ಎಂಬುದೂ ನಿಜ. ಆದರೆ ವೇದಿಕೆಯ ಮೇಲೆ ಒಂಟಿಯಾಗಿ ಕೂತ ಹೆಡ್ಜಸನಿಗೂ ಅಂಗಳದಲ್ಲಿ ಒಂಟಿಯಾಗಿ ನಿಂತ ದಾಸನಿಗೂ ಎದುರಾದ ಪ್ರಶ್ನೆ ಒಂದೇ: ಜೊತೆಗಾರನಿಲ್ಲದೆ ಹಾಡು ತುಂಬುವುದು ಹೇಗೆ? ಇಬ್ಬರೂ ಕಂಡುಕೊಂಡ ಉತ್ತರ, ಒಂದು ಅಂಗ ನಡೆ ಹಿಡಿದಿರಲು ಇನ್ನೊಂದನ್ನು ಅದರಿಂದ ಬಿಡಿಸಿಕೊಳ್ಳುವುದು.

ಕಲಿಯುವವರಿಗೆ ಕಷ್ಟವಾಗುವುದೂ ಇದೇ ಬಿಡುಗಡೆ. ಪೆಟ್ಟು ಬಿದ್ದ ಕೈ ಒಡನೆ ಏಳದಿದ್ದರೆ ತಂತಿಯ ಕೊರಳು ಹಿಸುಕಿದಂತಾಗುತ್ತದೆ. ಸ್ವರದತ್ತ ಮನಸ್ಸು ಜಾರಿದರೆ ತಾಳ ಓಡುತ್ತದೆ. ಈ ಸೀಮೆಯಲ್ಲಿ ಭಜನೆ ಕೇಳಿ ಬೆಳೆದ ಕಿವಿಗೆ ಇಲ್ಲೊಂದು ಅನುಕೂಲವಿದೆ. ಎಂಟು ಮಾತ್ರೆಯ ಕೆಹರವಾ ಅದಕ್ಕೆ ಮೊದಲೇ ಗೊತ್ತು. ಗಿಟಾರಿನ ಹಲಗೆಯ ಮೇಲೆ ಆ ಠೇಕಾ ಒಂದನ್ನೇ, ತಂತಿ ಮುಟ್ಟದೆ, ಬಾಯಲ್ಲಿ ಪದ ಹಾಡಿಕೊಳ್ಳುತ್ತ ಕೂರಿಸಬಹುದು. ಕೈ ತಪ್ಪದೆ ಬಾಯಿ ಹಾಡುವಂತಾದ ದಿನ, ಹೆಬ್ಬೆರಳು ಮೊದಲು ಕೆಳಗಿನ ಷಡ್ಜದ ತಂತಿಯೊಂದನ್ನು ಮಾತ್ರ ಮೀಟಲಿ, ತುಂತುಣಿಯ ಹಾಗೆ.